ಅಪ್ಪನ ಎಡಗೈ, ಏಳು ಲಕ್ಷದ ಲೆಕ್ಕ

ಇವತ್ತು ನಮ್ಮನೆ ವಿಷಯ. ಅಪ್ಪನಿಗೆ ಸ್ಟ್ರೋಕ್ ಆಗಿ ಹದಿನಾಲ್ಕು ತಿಂಗಳು. ಎಡಗೈ ಇನ್ನೂ ಏಳಲ್ಲ. ಒಂದು ಕ್ಲಿನಿಕ್‌ನವರು ‘ಸ್ಟೆಮ್ ಸೆಲ್ ಹಾಕಿದ್ರೆ ಸರಿಹೋಗುತ್ತೆ, ಏಳು ಲಕ್ಷ’ ಅಂದರು. ಅಮ್ಮ ಸೈಟ್ ಮಾರೋಕೆ ರೆಡಿ. ನಾನು ಬಿ.ಕಾಂ., ಮಿದುಳಿನ ಬಗ್ಗೆ ಏನೂ ಓದಿಲ್ಲ. ಆದರೆ ದುಡ್ಡು ಕೊಡೋ ಮುಂಚೆ ಲೆಕ್ಕ ಕೇಳೋದು ಅಭ್ಯಾಸ.

ಅವರು ತೋರಿಸಿದ್ದು 2016ರ ಸ್ಟ್ಯಾನ್‌ಫರ್ಡ್ ಪ್ರಯೋಗ. ಗ್ಯಾರಿ ಸ್ಟೈನ್‌ಬರ್ಗ್ ತಂಡ ತಲೆಬುರುಡೆಗೆ ಸಣ್ಣ ತೂತು ಕೊರೆದು 18 ಜನರ ಮಿದುಳಿಗೆ ಜೀವಕೋಶ ಹಾಕಿತ್ತು. ಕೆಲವರ ಕೈಕಾಲು ನಿಜವಾಗ್ಲೂ ಸುಧಾರಿಸಿತು. ಆದರೆ ಹೋಲಿಸಿ ನೋಡೋಕೆ ಚಿಕಿತ್ಸೆ ಪಡೆಯದ ಗುಂಪೇ ಇರಲಿಲ್ಲ. ಆಮೇಲೆ ಅಂಥ ಗುಂಪು ಇಟ್ಟುಕೊಂಡು ಅದೇ ಕೋಶಗಳನ್ನ ಪರೀಕ್ಷಿಸಿದರು. 2019ರಲ್ಲಿ ಫಲಿತಾಂಶ ಬಂತು, ಗುರಿ ಮುಟ್ಟಿರಲಿಲ್ಲ. ಈ ಅರ್ಧ ಕಥೆ ಬ್ರೋಷರ್‌ನಲ್ಲಿ ಇಲ್ಲ!

ನಮ್ಮ ದೇಶದಲ್ಲೇ ಸ್ಟ್ರೋಕ್ ಆದ 120 ಜನರ ಟ್ರಯಲ್ ನಡೆದಿತ್ತು. ಅರ್ಧದಷ್ಟು ಜನಕ್ಕೆ ಅವರವರ ಅಸ್ಥಿಮಜ್ಜೆಯ ಕೋಶಗಳನ್ನೇ ರಕ್ತನಾಳದ ಮೂಲಕ ಕೊಟ್ಟರು. 2014ರ ವರದಿ ಪ್ರಕಾರ ಅದು ಸುರಕ್ಷಿತ, ಆದರೆ ಉಪಯೋಗ ಕಾಣಲಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಸ್ಟ್ರೋಕ್‌ಗೆ ಇದು ಟ್ರಯಲ್‌ನಲ್ಲಿ ಮಾತ್ರ ಅನ್ನುತ್ತೆ.

‘ನಿಮ್ಮ ಟ್ರಯಲ್ ನಂಬರ್ ಎಷ್ಟು ಸರ್?’ ಅಂತ ಫೋನಲ್ಲಿ ಕೇಳಿದೆ. ‘ಈ ವಾರ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್ ಇದೆ’ ಅಂದರು.

ಅಮ್ಮ ಎರಡು ದಿನ ಮಾತಾಡಲಿಲ್ಲ. ‘ಅಪ್ಪನಿಗಿಂತ ಸೈಟ್ ಹೆಚ್ಚಾಯ್ತಾ ನಿಂಗೆ?’ ಅಂದ್ಲು. ನಾನು ಸುಮ್ಮನಿದ್ದೆ. ನಾಳೆ ಬೆಳಿಗ್ಗೆ ಏಳಕ್ಕೆ ಫಿಸಿಯೋ ಬರ್ತಾರೆ.