ಕುಂಟುಗಾಲಿನ ವಕೀಲ ಥ್ಯಾಡಿಯಸ್ ಸ್ಟೀವನ್ಸ್
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಮೊದಲೇ ಹೇಳಿಬಿಡ್ತೀವಿ. ನಾವು ಇವತ್ತು ಮಾತಾಡೋಕೆ ನಿಂತಿರೋದು ಒಬ್ಬ ಬಿಳಿಯನ ಬಗ್ಗೆ. ಅವನು ವಕೀಲ, ರಾಜಕಾರಣಿ ಬೇರೆ. ಈ ಎರಡು ಕಸುಬಿನವರ ಮೇಲೆ ನಮಗೆಷ್ಟು ನಂಬಿಕೆ ಅಂತ ನಿಮಗೇ ಗೊತ್ತು. ಆದರೂ ಹೇಳಬೇಕು ಅನ್ನಿಸಿತು. ಗುಲಾಮಗಿರಿ ಹೋದದ್ದು ಅಂದ್ರೆ ಲಿಂಕನ್ ಅಂತ ನಾವೆಲ್ಲ ಉರುಹೊಡೆದಿದ್ದೀವಿ. ಲಿಂಕನ್ನನ ಬೆನ್ನಿಗೆ ಮುಳ್ಳಾಗಿದ್ದ ಈ ಮುದುಕನ ಹೆಸರು ನಮಗೆ ಯಾರೂ ಹೇಳಲಿಲ್ಲ.

ಥ್ಯಾಡಿಯಸ್ ಸ್ಟೀವನ್ಸ್ ಹುಟ್ಟಿದ್ದು 1792ರಲ್ಲಿ, ವರ್ಮಾಂಟ್ ಸೀಮೆಯ ಡ್ಯಾನ್‌ವಿಲ್ ಊರಲ್ಲಿ. ಹುಟ್ಟುವಾಗಲೇ ಒಂದು ಪಾದ ತಿರುಚಿಕೊಂಡಿತ್ತು. ಅಪ್ಪ ಸಂಸಾರ ಬಿಟ್ಟುಹೋದ. ಸಾಕಿದವಳು ತಾಯಿ ಸಾರಾ. ಮಗ ಓದಲಿ ಅಂತ ಶಾಲೆ ಇದ್ದ ಊರಿಗೇ ಸಂಸಾರ ಎತ್ತಿಕೊಂಡು ಹೋದ ತಾಯಿ ಅವಳು. 1814ರಲ್ಲಿ ಡಾರ್ಟ್‌ಮತ್ ಕಾಲೇಜು ಮುಗಿಸಿದ ಮಗ ಪೆನ್ಸಿಲ್ವೇನಿಯಾಕ್ಕೆ ಹೋಗಿ, ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ ಹಿಡಿದ.

ಇಲ್ಲೊಂದು ಕಹಿ ಸಂಗತಿ ಇದೆ. ಅದನ್ನು ಮುಚ್ಚಿಡೋದು ಬೇಡ. ಚಾರಿಟಿ ಬಟ್ಲರ್ ಎಂಬ ಕಪ್ಪು ಹೆಂಗಸು ತನಗೂ ತನ್ನ ಮಕ್ಕಳಿಗೂ ಬಿಡುಗಡೆ ಬೇಕೆಂದು ಕೋರ್ಟಿಗೆ ಹೋದಳು. ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ಇರಿಸಿಕೊಂಡ ಗುಲಾಮರು ಸ್ವತಂತ್ರರು ಅಂತ ಅಲ್ಲಿ ಕಾನೂನಿತ್ತು. ಎದುರು ನಿಂತ ಮಾಲೀಕನ ವಕೀಲ ಯಾರು? ಇದೇ ಸ್ಟೀವನ್ಸ್. ಅವಳು ಬಂದು ಹೋಗಿ ಮಾಡಿದ ದಿನಗಳನ್ನು ಕೂಡಿಸಿ ಲೆಕ್ಕ ಹಿಡಿಯಬಾರದು, ಒಂದೇ ಸಮ ಆರು ತಿಂಗಳು ಇದ್ದಿರಬೇಕು ಅನ್ನೋ ವಾದ ಗೆದ್ದಿತು. 1821ರಲ್ಲಿ ತಾಯಿ ಮಕ್ಕಳು ಮತ್ತೆ ಗುಲಾಮರಾದರು. ಕಾನೂನು ಓದಬೇಕೆಂದಿರುವ ಗೆಳೆಯರು ಈ ಕೇಸನ್ನು ನೆನಪಿಡಿ. ಆಮೇಲೆ ಆತ ಓಡಿಬಂದ ಗುಲಾಮರ ಪರವಾಗಿ ಎಷ್ಟೋ ಸಲ ವಾದಿಸಿದ. ಚಾರಿಟಿಗೆ ಅದರಿಂದ ಏನು ಸಿಕ್ಕಿತು? ಏನೂ ಇಲ್ಲ.

ಆದರೆ ಮನುಷ್ಯ ನಿಂತಲ್ಲೇ ನಿಲ್ಲಲಿಲ್ಲ. 1834ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಲ್ಲರಿಗೂ ಪುಕ್ಕಟೆ ಶಾಲೆ ಅಂತ ಕಾಯಿದೆ ಬಂತು. ಊರವರ ಮಕ್ಕಳಿಗೆ ನಾವ್ಯಾಕೆ ತೆರಿಗೆ ಕಟ್ಟಬೇಕು ಅಂತ ಗದ್ದಲವೆದ್ದು, ಮರುವರ್ಷವೇ ಅದನ್ನು ರದ್ದು ಮಾಡಲು ಹೊರಟರು. ಸ್ಟೀವನ್ಸ್ ಎದ್ದುನಿಂತು ಮಾತಾಡಿದ. ಕಾಯಿದೆ ಉಳಿಯಿತು. 1838ರಲ್ಲಿ ಅದೇ ರಾಜ್ಯದ ಹೊಸ ಸಂವಿಧಾನ ಕರಿಯರ ಓಟು ಕಿತ್ತುಕೊಂಡಾಗ, ಸಭೆಯ ಸದಸ್ಯನಾಗಿದ್ದೂ ಅದಕ್ಕೆ ರುಜು ಹಾಕಲಿಲ್ಲ.

ಅಂತರ್ಯುದ್ಧ ಶುರುವಾಗುವ ಹೊತ್ತಿಗೆ ಆತ ಲ್ಯಾಂಕಾಸ್ಟರ್‌ನಿಂದ ಆರಿಸಿ ಬಂದ ಕಾಂಗ್ರೆಸ್ ಸದಸ್ಯ. ಯುದ್ಧದ ಖರ್ಚು ನೋಡುವ ಸಮಿತಿಯ ಅಧ್ಯಕ್ಷ. 1863ರಲ್ಲಿ ದಕ್ಷಿಣದ ಸೈನಿಕರು ಹುಡುಕಿಕೊಂಡು ಬಂದು ಅವನ ಕಬ್ಬಿಣದ ಕಾರ್ಖಾನೆ ಸುಟ್ಟರು. 1865ರಲ್ಲಿ 13ನೇ ತಿದ್ದುಪಡಿ ಬಂದು ಗುಲಾಮಗಿರಿ ಹೋಯಿತು. ಎಲ್ಲರೂ ಕೈ ಕೊಡವಿಕೊಂಡರು. ಇವನು ಕೇಳಿದ: ಬಿಡುಗಡೆ ಆಯ್ತು, ಸರಿ. ಊಟಕ್ಕೆ?

ಗೆಳೆಯರೆ, ನಮಗೆ ಇವನು ಬೇಕಾಗಿರೋದು ಇಲ್ಲಿ. 1865ರ ಸೆಪ್ಟೆಂಬರ್‌ನಲ್ಲಿ ಲ್ಯಾಂಕಾಸ್ಟರ್‌ನಲ್ಲಿ ನಿಂತು ಆತ ಲೆಕ್ಕ ಹೇಳಿದ. ದಂಗೆಯೆದ್ದ ದೊಡ್ಡ ಜಮೀನುದಾರರು ಸುಮಾರು 70,000 ಜನ. ಅವರ ಭೂಮಿ ವಶಪಡಿಸಿಕೊಳ್ಳಿ. ಬಿಡುಗಡೆಯಾದ ಒಬ್ಬೊಬ್ಬ ವಯಸ್ಕ ಗಂಡಸಿಗೆ 40 ಎಕರೆ ಕೊಡಿ. ಮಿಕ್ಕಿದ್ದು ಮಾರಿ ಯುದ್ಧದ ಸಾಲ ತೀರಿಸಿ. ಅವನ ಪಕ್ಷದವರೇ ಬೆಚ್ಚಿಬಿದ್ದರು. ಓಟು ಕೊಡ್ತೀವಿ, ಭೂಮಿ ಮಾತ್ರ ಕೇಳಬೇಡಿ. ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲವೆ? 1867ರಲ್ಲಿ ಮಸೂದೆ ತಂದ. ಬಿದ್ದುಹೋಯಿತು. ದುಡಿದವರು ಅದೇ ಧಣಿಗಳ ಹೊಲದಲ್ಲಿ ಪಾಲಿಗೆ ದುಡಿಯುತ್ತ, ಸಾಲದಲ್ಲಿ ಸಿಕ್ಕಿಬಿದ್ದರು.

14ನೇ ತಿದ್ದುಪಡಿ ರೂಪಿಸಿದ ಸಮಿತಿಯಲ್ಲೂ ಆತ ಇದ್ದ. ಅದು ಅರೆಬರೆ ಅಂತ 1866ರಲ್ಲಿ ಸಭೆಯಲ್ಲೇ ಹೇಳಿ, ನಾನು ಬಾಳುತ್ತಿರೋದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ ಎಂಬರ್ಥದ ಮಾತಾಡಿ ಓಟು ಹಾಕಿದ. ನಮ್ಮ ಸಂವಿಧಾನದ 14ನೇ ವಿಧಿಯಲ್ಲಿ ಕಾನೂನಿನ ಸಮಾನ ರಕ್ಷಣೆ ಎಂಬ ಮಾತಿದೆಯಲ್ಲ, ಅದು ಆ ತಿದ್ದುಪಡಿಯಿಂದ ಬಂದದ್ದು. ಆತ ಸತ್ತ ಐದು ವರ್ಷಕ್ಕೆ, 1873ರಲ್ಲಿ, ಜ್ಯೋತಿಬಾ ಫುಲೆ 'ಗುಲಾಮಗಿರಿ' ಬರೆದು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು.

ಕೊನೆಗೆ ನಡೆಯೋಕೂ ಆಗದೆ, ಕುರ್ಚಿಯಲ್ಲಿ ಹೊತ್ತು ತರಬೇಕಾಗಿತ್ತು. ಹಾಗೇ ಬಂದು ಅಧ್ಯಕ್ಷ ಜಾನ್ಸನ್‌ನನ್ನು ಇಳಿಸಲು ಹೋರಾಡಿದ. 1868ರ ಮೇನಲ್ಲಿ ಒಂದೇ ಒಂದು ಓಟಿನಿಂದ ಜಾನ್ಸನ್ ಉಳಿದುಕೊಂಡ. ಆಗಸ್ಟ್ 11ರಂದು ಸ್ಟೀವನ್ಸ್ ಸತ್ತ. ರಾಜಧಾನಿಯಲ್ಲಿ ಹೆಣಕ್ಕೆ ಕಾವಲು ನಿಂತವರು ಕರಿಯ ಸೈನಿಕರು.

ಲ್ಯಾಂಕಾಸ್ಟರ್‌ನ ದೊಡ್ಡ ಸ್ಮಶಾನಗಳಲ್ಲಿ ಕರಿಯರನ್ನು ಹೂಳುವ ಹಾಗಿರಲಿಲ್ಲ. ಸುಡುಗಾಡಲ್ಲೂ ಕೇರಿ ಬೇರೆ ಅನ್ನೋದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆತ ಬದುಕಿದ್ದಾಗಲೇ ಎಲ್ಲ ಬಣ್ಣದವರನ್ನೂ ಮಣ್ಣು ಮಾಡುವ ಒಂದು ಚಿಕ್ಕ ಜಾಗ ಆರಿಸಿಕೊಂಡಿದ್ದ. ಕಲ್ಲಿನ ಮೇಲಿನ ಬರಹವೂ ಅವನದೇ. ಒಂಟಿಯಾಗಿರೋ ಆಸೆಯಿಂದ ಇಲ್ಲಿ ಮಲಗಿಲ್ಲ, ಬೇರೆ ಕಡೆ ಬಣ್ಣ ನೋಡಿ ಒಳಗೆ ಬಿಡ್ತಾರೆ, ಅದಕ್ಕೇ ಇಲ್ಲಿಗೆ ಬಂದೆ ಅಂತ ಅದರ ತಾತ್ಪರ್ಯ. ಆ ಕಲ್ಲು ಅಲ್ಲಿ ಇನ್ನೂ ಇದೆ.