ಪೇಟೆಯವರ ಇಪ್ಪತ್ತು ವರ್ಷದ ಲೆಕ್ಕ, ನಮ್ಮ ನಾಲ್ಕು ತಿಂಗಳ ಲೆಕ್ಕ

(ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ರೈತರ ಸಭೆಯಲ್ಲಿ ಆಡಿದ ಮಾತು)



ನಾವು ಲೆಕ್ಕ ಹಾಕೋದು ನಾಲ್ಕು ತಿಂಗಳಿಗೆ. ಮಳೆ ಬಂತಾ, ಶೇಂಗಾ ಬಿತ್ತಿದ್ವಾ, ಕಿತ್ತು ಒಣಗಿಸಿದ್ವಾ, ಸೊಸೈಟಿ ಸಾಲದ ವಾಯಿದೆ ಬಂತಾ, ಕೇಳಿದ ರೇಟಿಗೆ ಕೊಟ್ವಾ. ಅಲ್ಲಿಗೆ ಮುಗೀತು. ಪಟ್ಟಣದ ದೊಡ್ಡ ಉದ್ದಿಮೆದಾರರು ಹಾಗಲ್ಲ. ಇಪ್ಪತ್ತು, ಮೂವತ್ತು ವರ್ಷ ಮುಂದೆ ತಮ್ಮ ಊರು ಹೇಗಿರಬೇಕು ಅಂತ ಲೆಕ್ಕ ಇಡುತ್ತಾರೆ. ಅದಕ್ಕೆಂದೇ, ಲಾಭ ಹಂಚಿಕೊಳ್ಳದ ಸಂಸ್ಥೆಗಳನ್ನು ಕಟ್ಟಿಕೊಳ್ಳುತ್ತಾರೆ. ಬೈಯಲಿಕ್ಕೆ ಇದನ್ನು ಹೇಳುತ್ತಿಲ್ಲ. ಅವರಿಂದ ಕಲಿಯೋದೂ ಇದೆ, ಎಚ್ಚರ ಇರೋದೂ ಇದೆ.

ಇದು ಹೊಸದೇನಲ್ಲ. ಅಮೆರಿಕದ ಶಿಕಾಗೋ ನಗರದಲ್ಲಿ ವರ್ತಕರ ಕ್ಲಬ್ಬೊಂದು 1909ರಲ್ಲೇ ಇಡೀ ನಗರಕ್ಕೆ ಯೋಜನೆ ಬರೆಸಿತ್ತು. ನಮ್ಮಲ್ಲಿ 1999ರಲ್ಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಗಳಾಗಿದ್ದಾಗ, ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬುದು ಹುಟ್ಟಿತು. ನೇಮಿಸಿದ್ದು ಸರ್ಕಾರ, ಅಧ್ಯಕ್ಷರು ಇನ್ಫೋಸಿಸ್‌ನ ನಂದನ್ ನಿಲೇಕಣಿ. ಆಮೇಲೆ 2013ರಲ್ಲಿ ಕಿರಣ್ ಮಜುಂದಾರ್ ಶಾ ಮುಂತಾದವರು ಸೇರಿ ಬಿ.ಪ್ಯಾಕ್ ಅಂತ ಇನ್ನೊಂದು ಸಂಸ್ಥೆ ಕಟ್ಟಿದರು.

ಆ ಟಾಸ್ಕ್ ಫೋರ್ಸ್ ಮಾಡಿದ್ದರಲ್ಲಿ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಮಹಾನಗರ ಪಾಲಿಕೆ, ಜಲಮಂಡಳಿ, ವಿದ್ಯುತ್ ಕಂಪನಿ, ಪೊಲೀಸು ಹೀಗೆ ಒಂದೊಂದು ಇಲಾಖೆಯ ದೊಡ್ಡ ಅಧಿಕಾರಿಯೂ ಜನರೆದುರು ವೇದಿಕೆ ಹತ್ತಿ, ಹೋದ ಸಲ ಇಂಥದ್ದು ಮಾಡ್ತೀನಿ ಅಂದಿದ್ದೆ, ಇಷ್ಟು ಆಯಿತು, ಇಷ್ಟು ಆಗಲಿಲ್ಲ ಅಂತ ಲೆಕ್ಕ ಒಪ್ಪಿಸಬೇಕಿತ್ತು. ನಮ್ಮ ತಾಲ್ಲೂಕಿನಲ್ಲಿ ಯಾವ ಸಾಹೇಬರು ಹಾಗೆ ಎದ್ದು ನಿಂತಿದ್ದಾರೆ ಹೇಳ್ರಪ್ಪ? ನಾವು ಕಚೇರಿ ಬಾಗಿಲಲ್ಲಿ ನಿಂತದ್ದು ಮಾತ್ರ ಗೊತ್ತು.

ಆದರೆ ಆ ಪಡೆಯನ್ನು ಯಾರೂ ಓಟು ಹಾಕಿ ಕಳಿಸಿರಲಿಲ್ಲ. 2004ರಲ್ಲಿ ಸರ್ಕಾರ ಹೋಯಿತು, ಪಡೆಯೂ ಹೋಯಿತು. ಇನ್ನೊಂದು ಮಾತು. ಪೇಟೆಯಲ್ಲಿ ಕೂತು ನಕ್ಷೆ ಬರೆಯುವವರಿಗೆ ಪಕ್ಕದ ಹಳ್ಳಿಯ ಹೊಲ ಖಾಲಿ ಜಾಗದ ಹಾಗೆ ಕಾಣುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಕೈಗಾರಿಕೆಗೆ ಅಂತ ಗೆರೆ ಎಳೆದಿದ್ದರು. ರೈತರು ಸಾವಿರ ದಿನಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುತ್ತೇವೆ ಅಂತ ಹೇಳಬೇಕಾಯಿತು.

ದೂರ ಯಾಕೆ, ನಮ್ಮ ಅಮೃತಮಹಲ್ ಕಾವಲನ್ನೇ ನೋಡಿ. ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಎಕರೆ ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಶೋಧನೆಗೂ ಅಣುಶಕ್ತಿ ಕೇಂದ್ರಕ್ಕೂ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಕಾಗದದಲ್ಲಿ ಅದು ಬರೀ ಹುಲ್ಲು. ಕುರಿ ಕಾಯುವವನಿಗೆ, ಕಂಬಳಿ ನೇಯುವವನಿಗೆ, ದನ ಕಟ್ಟಿ ಗೊಬ್ಬರ ಮಾಡುವ ನಮಗೆ ಅದು ಬದುಕು. ಬೇಲಿ ಬಂದ ಮೇಲೆ ವಿಷಯ ತಿಳಿಯಿತು. 2013ರಲ್ಲಿ ಹಸಿರು ನ್ಯಾಯಮಂಡಳಿ ಮೆಟ್ಟಿಲು ಹತ್ತೋ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ದೇಶಕ್ಕೆ ವಿಜ್ಞಾನ ಬೇಡ ಅಂತ ಯಾರೂ ಅನ್ನಲಿಲ್ಲ. ನಮ್ಮನ್ನ ಮೊದಲೇ ಕೇಳಬೇಕಿತ್ತು ಅಷ್ಟೆ.

ಚಳ್ಳಕೆರೆ ಎಣ್ಣೆ ಗಿರಣಿಗಳ ಕಥೆಯೂ ಇದೇ. ಎಣ್ಣೆ ನಗರಿ ಅಂತ ಹೆಸರಾಗಿದ್ದ ಊರು. 1994ರಲ್ಲಿ ದಿಲ್ಲಿಯವರು ತಾಳೆ ಎಣ್ಣೆಯ ಆಮದನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟರು. ಆ ಹೊಡೆತ ಗಿರಣಿಗೂ ಬಿತ್ತು, ಶೇಂಗಾ ಬೆಳೆದವನಿಗೂ ಬಿತ್ತು. ಮಂಡಿಯವರಿಗೂ ನಮಗೂ ತೂಕದಲ್ಲಿ, ಕಮಿಷನ್ನಿನಲ್ಲಿ ಜಗಳ ಇರಬಹುದು, ಇದೆ ಕೂಡ. ಆ ದಿನ ಮಾತ್ರ ಇಬ್ಬರೂ ಒಂದೇ ದೋಣಿಯಲ್ಲಿದ್ದೆವು, ಇಬ್ಬರಿಗೂ ಬಾಯಿ ಇರಲಿಲ್ಲ.

ಬಾಯಿ ಕೊಡಲಿಕ್ಕೆ ಕಾನೂನು ಇಲ್ಲವೆ? ಇದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರಬೇಕು, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣ ಸಂಸ್ಥೆಗಳಿಂದ ಚುನಾಯಿತರಾದವರೇ ಇರಬೇಕು, ಹಳ್ಳಿ ಜನ ಎಷ್ಟೋ ಹಳ್ಳಿಯ ಸ್ಥಾನ ಅಷ್ಟು ಅಂತ ಬರೆದಿದೆ. ಬೆಂಗಳೂರಿನ ಯಾವ ಉದ್ಯಮಿ ಸಂಘಕ್ಕೂ ಇಲ್ಲದ ಹಕ್ಕು ಇದು. ಆದರೆ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಮ್ಮ ಕುರ್ಚಿ ಖಾಲಿ ಬಿತ್ತು, ನಾವೂ ಸುಮ್ಮನಿದ್ದೆವು. ಸಾಲ ಮನ್ನಾಕ್ಕೆ ರಸ್ತೆ ತಡೆದ ನಾವು ಇದಕ್ಕೆ ಒಂದು ದಿನ ತಡೆಯಲಿಲ್ಲ.

ಸಾಲಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ವಾಯಿದೆಗೆ ಹೆದರಿ ಸುಗ್ಗಿಯಲ್ಲೇ ಎಲ್ಲರೂ ಒಟ್ಟಿಗೆ ಮಾರ್ತೀವಿ, ರೇಟು ಕುಸಿಯುತ್ತೆ. ಹೋಬಳಿಗೊಂದು ಗೋದಾಮು ಇದ್ದು, ಇಟ್ಟ ಮಾಲಿನ ಮೇಲೆ ಅಡಮಾನ ಸಾಲ ಸಿಕ್ಕರೆ ಮೂರು ತಿಂಗಳು ಕಾಯಬಹುದು. ಗೋದಾಮು ಎಲ್ಲಿ, ಯಾವ ವರ್ಷ, ಯಾರ ದುಡ್ಡಲ್ಲಿ ಅನ್ನೋದೇ ಯೋಜನೆ.

ಅದಕ್ಕೇ ಒಂದು ಅರ್ಜಿ ಬರೆದು ತಂದಿದ್ದೇನೆ. ರೈತರು, ಮೊಳಕಾಲ್ಮೂರಿನ ರೇಷ್ಮೆ ನೇಕಾರರು, ಕಂಬಳಿಯವರು, ಮಂಡಿ ವರ್ತಕರು ಎಲ್ಲರ ರುಜು ಬೇಕು. ಕೇಳುವುದು ಮೂರೇ. ಆರು ತಿಂಗಳಿಗೊಮ್ಮೆ ಎಲ್ಲ ಇಲಾಖೆಯವರೂ ಎಪಿಎಂಸಿ ಅಂಗಳದಲ್ಲಿ ಲೆಕ್ಕ ಒಪ್ಪಿಸಲಿ. ಗ್ರಾಮಸಭೆಯ ಮುಂದೆ ಇಡದೆ ಕಾವಲು, ಗೋಮಾಳಕ್ಕೆ ಕೈ ಹಾಕಬಾರದು. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂದರಲ್ಲ, ಯಾವ ಕೆರೆಗೆ ಯಾವ ವರ್ಷ ನೀರು ಅಂತ ಪಟ್ಟಿ ಹಚ್ಚಲಿ. ಕಾಗದ ಆ ಮೇಜಿನ ಮೇಲಿದೆ. ರುಜು ಹಾಕುವವರು ಊರಿನ ಹೆಸರನ್ನೂ ಹೋದ ವರ್ಷ ಶೇಂಗಾ ಮಾರಿದ ರೇಟನ್ನೂ ಪಕ್ಕದಲ್ಲಿ ಬರೀರಿ.