ಓಲೆಗರಿ ಹಿಡಿದು ನಿಂತವರು

ಮೊನ್ನೆ ಯಲಬುರ್ಗಾದ ಫ್ರೇಮಿನ ಅಂಗಡಿಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ನನಗಿಂತ ಮೊದಲು ಬಂದಿದ್ದ ಹೆಣ್ಣುಮಗಳು ಮನೆಯ ಹಳೇ ಫೋಟೊ ತಂದಿದ್ದರು. ನಡುವೆ ಕುರ್ಚಿಯ ಮೇಲೆ ರುಮಾಲು ಸುತ್ತಿದ ಹಿರಿಯರು. ಹಿಂದೆ, ಅಂಚಿಗೆ ಹತ್ತಿ, ಉದ್ದನೆಯ ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ ಇನ್ನೊಬ್ಬರು. ಆ ಮೂಲೆಗೇ ಗೆದ್ದಲು ಹತ್ತಿತ್ತು.

"ಯಕ್ಕಾರ, ಈ ಮೂಲಿ ಕತ್ತರಿಸಿಬಿಡ್ಲೇನ್ರೀ? ಮುತ್ಯಾರು ನಡುವ ಛಲೋ ಬರ್ತಾರ" ಅಂದರು ಅಂಗಡಿಯವರು.

"ಅವರ ಹೆಸರು ನಮಗೂ ಗೊತ್ತಿಲ್ರೀ. ಮುತ್ಯಾರ ಲೆಕ್ಕಪತ್ರ ನೋಡತಿದ್ರಂತ ನಮ್ಮವ್ವ ಹೇಳತಿದ್ಲು. ತಡೀರಿ, ಮನ್ಯಾಗ ಕೇಳಿ ಹೇಳತೀನಿ."

ಮನೆಗೆ ಬಂದರೂ ಆ ಮೂಲೆ ಕಣ್ಣಿನಿಂದ ಹೋಗಲಿಲ್ಲ. ಥಾಮಸ್ ಹಿಕ್ಕಿ ಎಂಬ ಕಲಾವಿದ 1816ರಲ್ಲಿ ಬರೆದ ತೈಲಚಿತ್ರವೊಂದು ನೆನಪಾಯಿತು. ಅದು ಕರ್ನಲ್ ಕಾಲಿನ್ ಮೆಕೆಂಜಿಯ ಭಾವಚಿತ್ರ. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಸಿದಾತ, ಮುಂದೆ ಇಡೀ ಇಂಡಿಯಾದ ಮೊದಲ ಸರ್ವೇಯರ್ ಜನರಲ್ ಆದಾತ. ಕೆಂಪು ಕೋಟು ತೊಟ್ಟು ನಡುವೆ ನಿಂತಿದ್ದಾನೆ. ದೂರದ ಬೆಟ್ಟದ ಮೇಲೆ ಗೊಮ್ಮಟ. ಸುತ್ತ ಮೂವರು ಭಾರತೀಯರು. ಒಬ್ಬನ ಕೈಯಲ್ಲಿ ದುರ್ಬೀನು. ಇನ್ನೊಬ್ಬರ ಕೈಯಲ್ಲಿ ಓಲೆಗರಿಯ ಕಟ್ಟು. ನನ್ನ ಕಣ್ಣು ಪ್ರತಿಸಲ ನಿಲ್ಲುವುದು ಆ ಕಟ್ಟಿನ ಮೇಲೆ.

ಆ ಕಟ್ಟು ಹಿಡಿದವರನ್ನು ಧರ್ಮಯ್ಯ ಎಂದು ಗುರುತಿಸುತ್ತಾರೆ. ಈಗಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಜೈನ ಪಂಡಿತರು. ಹಳಗನ್ನಡದ ಶಾಸನಗಳನ್ನು ಓದಬಲ್ಲವರು. ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. 8,000ಕ್ಕೂ ಹೆಚ್ಚು ಶಾಸನಗಳ ಪ್ರತಿ ಅವನ ಸಂಗ್ರಹಕ್ಕೆ ಸೇರಿದ್ದು ಇಂಥವರ ಕಣ್ಣಿನಿಂದ, ಇಂಥವರ ಕಾಲ್ನಡಿಗೆಯಿಂದ.

ಕಲ್ಲು ಓದುವುದು ಎಂಥ ಕೆಲಸ ಅನ್ನುವುದು ನಮ್ಮ ಪಕ್ಕದ ಇಟಗಿಯ ಗುಡಿಗೆ ಹೋದವರಿಗೆ ಗೊತ್ತು. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಗುಡಿ ಅದು. ದೇವಾಲಯಗಳ ಚಕ್ರವರ್ತಿ ಎಂಬ ಬಿರುದು ಅದಕ್ಕೆ ಅಲ್ಲಿಯ ಶಾಸನದಿಂದಲೇ ಬಂತು. ನಡುಹಗಲಿನಲ್ಲಿ ಇಂಥ ಕಲ್ಲಿನ ಮುಂದೆ ನಿಂತರೆ ಬರೀ ತರಿತರಿ. ಓರೆ ಬಿಸಿಲು ಬಿದ್ದಾಗ ಸಾಲು ಸಾಲಾಗಿ ಅಕ್ಷರ ಏಳುತ್ತವೆ. ಎದ್ದರೂ ನಾನು ಬೆರಳಾಡಿಸಿ ಒಂದು 'ಶ್ರೀ' ಹುಡುಕುವುದರೊಳಗೆ ಬಿಸಿಲು ಸರಿದಿರುತ್ತದೆ. ಧರ್ಮಯ್ಯನವರು ಹೀಗೆ ಎಷ್ಟು ಊರಿನ ಕಲ್ಲುಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರೋ.

ಹಿಕ್ಕಿ ಬರೆದದ್ದು ಸಾಹೇಬನ ಚಿತ್ರವನ್ನೇ. ಆದರೂ ಆ ಪಂಡಿತರಿಗೆ ಒಂದು ಜಾಗ ಕೊಟ್ಟ, ಅವರ ಕೈಗೆ ಅವರ ವಿದ್ಯೆಯನ್ನೇ ಕೊಟ್ಟು ನಿಲ್ಲಿಸಿದ. ಆ ಕುಂಚಕ್ಕೆ ನಾನು ಋಣಿ. ಆ ಓಲೆಗರಿ ಇರದಿದ್ದರೆ ಎರಡು ನೂರು ವರ್ಷದ ಮೇಲೆ ನಾನು ಇವರು ಯಾರು ಎಂದು ಕೇಳುತ್ತಲೇ ಇರಲಿಲ್ಲ.

ನಿನ್ನೆ ನನ್ನ ಫ್ರೇಮು ತರಲು ಹೋಗಿದ್ದೆ. ಆ ಫೋಟೊ ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು. "ಏನಂದ್ರು ಆ ಯಕ್ಕಾರು?" ಅಂತ ಕೇಳಿದೆ. "ಇನ್ನಾ ಬಂದಿಲ್ರೀ. ಅವರವ್ವನ್ನ ಕೇಳಾಕ ಊರಿಗೆ ಹೋಗ್ಯಾರಂತ" ಅಂದರು. ಅಂಚಿನಲ್ಲಿ ಗೆದ್ದಲಿನ ಮಣ್ಣು ಕೊಡವಿ ಒರೆಸಿದ್ದರು. ಲೆಕ್ಕದ ಪುಸ್ತಕ ಮೊದಲಿಗಿಂತ ಸ್ವಲ್ಪ ಚೆನ್ನಾಗಿ ಕಾಣುತ್ತಿತ್ತು.